ಓದುಗರೇ ನೀಡುವ ಪ್ರಶಸ್ತಿ: ವಿಜ್ಞಾನಕಥಾಭಿಮಾನಿಗಳ ಸಮ್ಮೇಳನಗಳ ಚರಿತ್ರೆ

ಸಾಹಿತ್ಯ ಪ್ರಶಸ್ತಿಯೆಂದೊಡನೆ ಸಾಮಾನ್ಯವಾಗಿ ಮನಸ್ಸಿನ ಮುಂದೆ ನಿಲ್ಲುವುದು ಪಂಡಿತರ ಒಂದು ಮಂಡಲಿ, ಅದರ ಮುಚ್ಚಿದ ಬಾಗಿಲಿನ ಸಭೆ, ಮರುದಿನ ಪತ್ರಿಕೆಗಳಲ್ಲಿ ಪ್ರಕಟವಾಗುವ ತೀರ್ಪು. ನೊಬೆಲ್ ಪಾರಿತೋಷಕವನ್ನು ಸ್ವೀಡಿಷ್ ಅಕಾಡೆಮಿಯೂ, ಜ್ಞಾನಪೀಠ ಪ್ರಶಸ್ತಿಯನ್ನು ಅದರ ಆಯ್ಕೆ ಸಮಿತಿಯೂ ನಿರ್ಣಯಿಸುತ್ತವೆ. ಓದುಗನಿಗೆ ಅಲ್ಲಿ ಸಂತೋಷಪಡುವ ಅಥವಾ ಗೊಣಗುವ ಸ್ವಾತಂತ್ರ್ಯವುಂಟೇ ಹೊರತು ಕೈಯೆತ್ತುವ ಅಧಿಕಾರವಿಲ್ಲ. ಆದರೆ ಸಾಹಿತ್ಯದ ಒಂದು ಶಾಖೆಯಲ್ಲಿ ಓದುಗರೇ ಒಂದೆಡೆ ನೆರೆದು, ತಮಗೆ ತಾವೇ ಒಂದು ಸಂವಿಧಾನವನ್ನು ಬರೆದುಕೊಂಡು, ಮತ ಹಾಕಿ, ಆ ವರ್ಷದ ಉತ್ತಮ ಕೃತಿಯನ್ನು ಆರಿಸುವ ಪದ್ಧತಿ 70 ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಆ ಶಾಖೆಯೇ ವಿಜ್ಞಾನಕಥೆ. ಆ ಪ್ರಶಸ್ತಿಯೇ ಹ್ಯೂಗೋ. ಇದರ ಹಿಂದಿರುವುದು ಯಾವುದೇ ಸರ್ಕಾರವಲ್ಲ, ವಿಶ್ವವಿದ್ಯಾನಿಲಯವಲ್ಲ, ಧನಿಕರ ದತ್ತಿಯೂ ಅಲ್ಲ. ಅಂಚೆಯ ಮೂಲಕ ಒಬ್ಬರನ್ನೊಬ್ಬರು ಹುಡುಕಿಕೊಂಡ ಕೆಲವು ಹುಡುಗರ ಉತ್ಸಾಹವೇ ಇದರ ಮೂಲಧನ.

ವಿಜ್ಞಾನದ ಕಲ್ಪನೆಗಳನ್ನು ಆಧರಿಸಿದ ಕಥೆಗಳನ್ನು ಫ್ರಾನ್ಸಿನ ಜೂಲ್ಸ್ ವರ್ನ್, ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ಮುಂತಾದವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದು ಪ್ರಸಿದ್ಧರಾಗಿದ್ದರು. ಆದರೆ ಇಂಥ ಕಥೆಗಳಿಗೇ ಮೀಸಲಾದ ಪತ್ರಿಕೆಯೊಂದನ್ನು ಅಮೆರಿಕದಲ್ಲಿ ಮೊದಲಿಗೆ ಹೊರತಂದವರು ಹ್ಯೂಗೋ ಗರ್ನ್ಸ್‌ಬ್ಯಾಕ್. 1884ರಲ್ಲಿ ಲಕ್ಸೆಂಬರ್ಗಿನಲ್ಲಿ ಜನಿಸಿದ ಇವರು 1904ರಲ್ಲಿ ಅಮೆರಿಕಕ್ಕೆ ಬಂದು, ರೇಡಿಯೋ ಬಿಡಿಭಾಗಗಳ ವ್ಯಾಪಾರವನ್ನೂ ವಿದ್ಯುತ್ ವಿಷಯದ ಪತ್ರಿಕೆಗಳನ್ನೂ ನಡೆಸುತ್ತಿದ್ದರು. 1926ರ ಏಪ್ರಿಲ್ ತಿಂಗಳಿನಲ್ಲಿ ಅವರ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯ ಮೊದಲ ಸಂಚಿಕೆ ಹೊರಬಿದ್ದಿತು. ಅದರ ಆರಂಭದ ಸಂಚಿಕೆಗಳಲ್ಲಿದ್ದ ಕಥೆಗಳಲ್ಲಿ ಹೆಚ್ಚಿನವು ವರ್ನ್, ವೆಲ್ಸ್, ಪೋ ಮುಂತಾದವರ ಹಳೆಯ ಕಥೆಗಳ ಮರುಮುದ್ರಣಗಳೇ. ಪತ್ರಿಕೆಯ ಚಾರಿತ್ರಿಕ ಮಹತ್ವವಿರುವುದು ಅದರ ಕಥೆಗಳಲ್ಲಿ ಅಲ್ಲ, ಓದುಗರ ಪತ್ರಗಳ ಅಂಕಣದಲ್ಲಿ ಎಂದರೆ ಆಶ್ಚರ್ಯವಾಗಬಹುದು. ಪತ್ರ ಬರೆದವರ ಹೆಸರಿನೊಡನೆ ಅವರ ಪೂರ್ಣ ವಿಳಾಸವನ್ನೂ ಗರ್ನ್ಸ್‌ಬ್ಯಾಕ್ ಅಚ್ಚುಮಾಡಿಸುತ್ತಿದ್ದರು.

ಈ ಸಣ್ಣ ಸಂಗತಿಯಿಂದ ದೊಡ್ಡದೊಂದು ಪರಿಣಾಮ ಹೊರಟಿತು. ತನ್ನ ಊರಿನಲ್ಲಿ ಇಂಥ ಕಥೆಗಳನ್ನು ಓದುವವನು ತಾನೊಬ್ಬನೇ ಎಂದು ತಿಳಿದಿದ್ದ ಹುಡುಗನಿಗೆ, ನೂರು ಮೈಲಿ ಆಚೆ ತನ್ನಂಥವನೇ ಮತ್ತೊಬ್ಬನಿರುವನೆಂದು ಗೊತ್ತಾಯಿತು. ಪತ್ರಗಳು ಓಡಾಡತೊಡಗಿದವು. ಅಂಚೆಯವನನ್ನೇ ಈ ಚಳವಳಿಯ ಮೊದಲ ಕಾರ್ಯದರ್ಶಿ ಎಂದು ಕರೆಯಬಹುದು. 1930ರ ಮೇ ತಿಂಗಳಿನಲ್ಲಿ ಷಿಕಾಗೋ ನಗರದ ಒಂದು ಪತ್ರವ್ಯವಹಾರ ಸಂಘವು 'ದಿ ಕಾಮೆಟ್' ಎಂಬ ಪುಟ್ಟ ಪತ್ರಿಕೆಯನ್ನು ಹೊರತಂದಿತು. ಅಭಿಮಾನಿಗಳು ತಮ್ಮಷ್ಟಕ್ಕೆ ತಾವೇ ಸಿದ್ಧಪಡಿಸಿ ಹಂಚುವ ಇಂಥ ಪತ್ರಿಕೆಗಳಲ್ಲಿ ಅದೇ ಮೊದಲನೆಯದೆಂದು ಎಣಿಸಲಾಗಿದೆ. ಮುಂದೆ ಬಂದ ಇಂಥ ಪತ್ರಿಕೆಗಳಲ್ಲಿ ಬಹುಪಾಲು ಸೈಕ್ಲೋಸ್ಟೈಲ್ ಯಂತ್ರದಲ್ಲಿ ತೆಗೆದ ಪ್ರತಿಗಳು. ಶಾಲೆಯ ಪ್ರಶ್ನಪತ್ರಿಕೆಗಳನ್ನು ಆ ಯಂತ್ರದಲ್ಲಿ ತೆಗೆದ ಹಿರಿಯ ಉಪಾಧ್ಯಾಯರಿಗೆ ಅವುಗಳ ಶಾಯಿಯ ವಾಸನೆಯನ್ನೂ ಬೆರಳಿಗಂಟುವ ಕರೆಯನ್ನೂ ಬಣ್ಣಿಸಬೇಕಾದುದಿಲ್ಲ. 'ಫ್ಯಾನ್‌ಜೀನ್' ಎಂಬ ಹೆಸರನ್ನು ಅವುಗಳಿಗೆ 1940ರಲ್ಲಿ ಇಟ್ಟವರು ಲೂಯಿಸ್ ರಸೆಲ್ ಷೋವೆನೆ ಎಂಬ ಅಭಿಮಾನಿ. 1934ರಲ್ಲಿ ಗರ್ನ್ಸ್‌ಬ್ಯಾಕ್ ತಮ್ಮ ಇನ್ನೊಂದು ಪತ್ರಿಕೆಯ ಮುಖಾಂತರ 'ಸೈನ್ಸ್ ಫಿಕ್ಷನ್ ಲೀಗ್' ಎಂಬ ಸಂಸ್ಥೆಯನ್ನು ಹುಟ್ಟುಹಾಕಿ ಊರೂರುಗಳಲ್ಲಿ ಶಾಖೆಗಳನ್ನು ತೆರೆಯಲು ಪ್ರೋತ್ಸಾಹಿಸಿದರು. ಪತ್ರಿಕೆಯ ಮಾರಾಟ ಹೆಚ್ಚಲೆಂಬ ವ್ಯಾಪಾರಬುದ್ಧಿಯೂ ಇದರಲ್ಲಿತ್ತು. ಆದರೆ ಬಿತ್ತಿದವನ ಉದ್ದೇಶವನ್ನು ಕೇಳಿ ಬೀಜ ಮೊಳೆಯುವುದಿಲ್ಲ.

ಪತ್ರಗಳಲ್ಲಿ ಪರಿಚಿತರಾದವರಿಗೆ ಮುಖಾಮುಖಿ ಭೇಟಿಯಾಗುವ ಆಸೆ ಹುಟ್ಟುವುದು ಸಹಜ. 1936ರ ಅಕ್ಟೋಬರ್ ತಿಂಗಳಿನಲ್ಲಿ ನ್ಯೂಯಾರ್ಕಿನ ಕೆಲವು ತರುಣರು ಫಿಲಡೆಲ್ಫಿಯಾಕ್ಕೆ ಪ್ರಯಾಣ ಮಾಡಿ, ಅಲ್ಲಿನ ಗೆಳೆಯರೊಡನೆ ಒಂದು ದಿನ ಕಳೆದು, ಆ ಭೇಟಿಯನ್ನೇ 'ಸಮ್ಮೇಳನ'ವೆಂದು ಘೋಷಿಸಿಕೊಂಡರು. ಮರುವರ್ಷ, 1937ರ ಜನವರಿ 3ರಂದು, ಇಂಗ್ಲೆಂಡಿನ ಲೀಡ್ಸ್ ನಗರದ ಥಿಯಾಸಾಫಿಕಲ್ ಸಭಾಭವನದಲ್ಲಿ ಸುಮಾರು ಇಪ್ಪತ್ತು ಜನ ಸೇರಿ, ಮೊದಲೇ ಪ್ರಕಟಿಸಿದ್ದ ಕಾರ್ಯಕ್ರಮದಂತೆ ಸಭೆ ನಡೆಸಿದರು. ಇವೆರಡರಲ್ಲಿ ಮೊದಲ ಸಮ್ಮೇಳನ ಯಾವುದೆಂಬ ಬಗ್ಗೆ ಅಮೆರಿಕನ್ನರಿಗೂ ಆಂಗ್ಲರಿಗೂ ವಾದವುಂಟು. ಅದರಲ್ಲಿ ಹೆಚ್ಚಿನ ಸ್ವಾರಸ್ಯವಿಲ್ಲ. ಲೀಡ್ಸ್ ಸಭೆಯಲ್ಲಿ ಕುಳಿತಿದ್ದವರಲ್ಲಿ 19 ವರ್ಷದ ಆರ್ಥರ್ ಸಿ. ಕ್ಲಾರ್ಕ್ ಒಬ್ಬರು ಎಂಬುದು ಮಾತ್ರ ನೆನಪಿಡತಕ್ಕ ಸಂಗತಿ. ಕೃತಕ ಉಪಗ್ರಹಗಳ ಮೂಲಕ ಭೂಮಿಯ ಮೂಲೆಮೂಲೆಗೂ ಸಂದೇಶ ಕಳುಹಿಸಬಹುದೆಂದು 1945ರಲ್ಲಿ ಲೇಖನ ಬರೆದವರು ಇವರೇ. 1956ರಿಂದ ಶ್ರೀಲಂಕೆಯಲ್ಲಿ ನೆಲೆಸಿ 2008ರಲ್ಲಿ ಅಲ್ಲಿಯೇ ನಿಧನರಾದರು.

ವಿಶ್ವ ಸಮ್ಮೇಳನದ ಕಥೆ ಆರಂಭವಾಗುವುದು 1939ರ ಜುಲೈ 2ರಿಂದ. ಆ ವರ್ಷ ನ್ಯೂಯಾರ್ಕಿನಲ್ಲಿ 'ನಾಳಿನ ಜಗತ್ತು' ಎಂಬ ಧ್ಯೇಯದ ಮಹಾ ವಸ್ತುಪ್ರದರ್ಶನವೊಂದು ನಡೆದಿದ್ದಿತು. ಆ 'ವಿಶ್ವ ಪ್ರದರ್ಶನ'ದ ಹೆಸರಿನ ನೆರಳಿನಲ್ಲಿ ತಮ್ಮದನ್ನೂ 'ವಿಶ್ವ ಸಮ್ಮೇಳನ'ವೆಂದು ಕರೆದುಕೊಂಡ ಅಭಿಮಾನಿಗಳ ಧೈರ್ಯವನ್ನು ಮೆಚ್ಚಬೇಕು, ಏಕೆಂದರೆ ಕ್ಯಾರವಾನ್ ಹಾಲ್ ಎಂಬ ಸಭಾಂಗಣದಲ್ಲಿ ನೆರೆದವರು ಸುಮಾರು 200 ಜನ. ಗೌರವಾತಿಥಿಗಳಾಗಿ ಬಂದವರು ಕಥೆಗಾರರಲ್ಲ, ಪತ್ರಿಕೆಗಳ ಮುಖಪುಟಗಳಿಗೆ ಬಣ್ಣಬಣ್ಣದ ರಾಕೆಟ್ಟುಗಳನ್ನೂ ಪರಲೋಕದ ನಗರಗಳನ್ನೂ ಚಿತ್ರಿಸುತ್ತಿದ್ದ ಫ್ರ್ಯಾಂಕ್ ಆರ್. ಪಾಲ್. ಲಾಸ್ ಏಂಜಲೀಸಿನಿಂದ ಬಂದ ಫಾರೆಸ್ಟ್ ಆ್ಯಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಭವಿಷ್ಯಕಾಲದ ಉಡುಪನ್ನು ತೊಟ್ಟು ಓಡಾಡಿದರು. ಆ ಉಡುಪುಗಳನ್ನು ಹೊಲಿದವರು ಮಿರ್ಟಲ್ ಅವರೇ. ಇಂದು ಜಗತ್ತಿನ ನಾನಾ ಕಡೆ ನಡೆಯುವ ವೇಷಸ್ಪರ್ಧೆಗಳ ಮೂಲ ಇಲ್ಲಿದೆ. ಕೈಯಲ್ಲಿ ಕಾಸಿಲ್ಲದ ರೇ ಬ್ರ್ಯಾಡ್‌ಬರಿ ಎಂಬ ಹುಡುಗ ಆ್ಯಕರ್‌ಮನ್ ಅವರಿಂದ ಸಾಲ ಪಡೆದು ಬಂದಿದ್ದರು. ಮೊದಲ ಕಥೆಗಳು ಆಗತಾನೆ ಅಚ್ಚಾಗಿದ್ದ ಐಸಾಕ್ ಅಸಿಮೋವ್ ಇನ್ನೊಬ್ಬ ಹುಡುಗ.

ಆದರೆ ಈ ಮೊದಲ ಸಮ್ಮೇಳನದ ಬಾಗಿಲಲ್ಲಿಯೇ ಒಂದು ಅಹಿತಕರ ಘಟನೆ ನಡೆದುಹೋಯಿತು. ನ್ಯೂಯಾರ್ಕಿನ ಅಭಿಮಾನಿಗಳಲ್ಲಿ ಆಗ ಎರಡು ಬಣಗಳಿದ್ದವು. ಸಮ್ಮೇಳನದ ಹೊಣೆ ಹೊತ್ತಿದ್ದವರು ಸ್ಯಾಮ್ ಮಾಸ್ಕೊವಿಟ್ಜ್, ಜೇಮ್ಸ್ ಟೌರಾಸಿ, ವಿಲಿಯಂ ಸೈಕೋರಾ ಎಂಬ ಮೂವರು. ಇನ್ನೊಂದು ಬಣ ಫ್ಯೂಚರಿಯನ್ನರದು. ಎಡಪಂಥೀಯ ರಾಜಕೀಯದಲ್ಲಿ ಆಸಕ್ತರಾಗಿದ್ದ ಇವರು ವಿಜ್ಞಾನಕಥೆಯೂ ಸಮಾಜ ಪರಿವರ್ತನೆಗೆ ದುಡಿಯಬೇಕೆಂದು ವಾದಿಸುತ್ತಿದ್ದರು. ಸಂಘಟಕರನ್ನು ಟೀಕಿಸುವ ಒಂದು ಕರಪತ್ರ ಸಭಾಂಗಣದಲ್ಲಿ ಬಚ್ಚಿಟ್ಟದ್ದು ಸಿಕ್ಕಿಬಿದ್ದಿತು. ಸಭೆಗೆ ಭಂಗ ಬಂದೀತೆಂದು ಹೆದರಿದ ಸಂಘಟಕರು ಡೊನಾಲ್ಡ್ ವೊಲ್‌ಹೈಮ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲೂತ್, ರಾಬರ್ಟ್ ಲೌಂಡ್ಸ್, ಜಾನ್ ಮಿಷೆಲ್, ಜ್ಯಾಕ್ ಗಿಲೆಸ್ಪಿ ಎಂಬ ಆರು ಜನರನ್ನು ಒಳಗೆ ಬಿಡಲಿಲ್ಲ. ಕರಪತ್ರವನ್ನು ನಿಜವಾಗಿ ಅಚ್ಚುಮಾಡಿಸಿದ್ದ ಡೇವಿಡ್ ಕೈಲ್ ಮಾತ್ರ ಒಳಗೆ ಕುಳಿತಿದ್ದರೆಂಬುದು ಚರಿತ್ರೆಯ ವಿನೋದ. ಅಸಿಮೋವರೂ ಅದೇ ಬಣದವರೇ ಆಗಿದ್ದು, ಅವರನ್ನು ಯಾರೂ ತಡೆಯಲಿಲ್ಲ. ಶಾಂತವಾಗಿರುವುದಾಗಿ ಮಾತು ಕೊಟ್ಟಿದ್ದರೆ ಒಳಗೆ ಬಿಡುತ್ತಿದ್ದೆವೆಂದು ಮಾಸ್ಕೊವಿಟ್ಜ್ ಅನಂತರ ಬರೆದರು. ತಾವೇ ಶ್ರೇಷ್ಠರೆಂದು ತೋರಿಸಿಕೊಂಡದ್ದರಿಂದ ಉಳಿದವರಿಗೆ ಸಿಟ್ಟು ಬಂದಿತ್ತೆಂದು ಪೋಲ್ ತಮ್ಮ ಆತ್ಮಕಥನದಲ್ಲಿ ನಗುತ್ತಲೇ ಒಪ್ಪಿಕೊಂಡಿದ್ದಾರೆ.

'ಮಹಾ ಬಹಿಷ್ಕಾರ' ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪ್ರಸಂಗದ ಮುಂದಿನ ಭಾಗ ಇನ್ನೂ ಕುತೂಹಲಕರವಾದುದು. ಹೊರಗೆ ನಿಂತ ಆರು ಜನರಲ್ಲಿ ವೊಲ್‌ಹೈಮ್ ದೊಡ್ಡ ಪ್ರಕಾಶಕರಾಗಿ 1988ರ ನ್ಯೂ ಆರ್ಲಿಯನ್ಸ್ ವಿಶ್ವ ಸಮ್ಮೇಳನಕ್ಕೆ ಗೌರವಾತಿಥಿಯಾಗಿ ಬಂದರು. 1958ರಲ್ಲಿ ಅಕಾಲ ಮರಣಕ್ಕೆ ತುತ್ತಾದ ಕಾರ್ನ್‌ಬ್ಲೂತ್ ಅವರು ಬಿಟ್ಟುಹೋಗಿದ್ದ ಬರಹವನ್ನು ಗೆಳೆಯ ಪೋಲ್ ಪೂರ್ಣಗೊಳಿಸಲು, ಆ ಸಣ್ಣಕಥೆಗೆ 1973ರಲ್ಲಿ ಇಬ್ಬರ ಹೆಸರಿನಲ್ಲಿಯೂ ಹ್ಯೂಗೋ ಸಂದಿತು. ಪೋಲ್ ಸಂಪಾದಕರಾಗಿಯೂ ಕಾದಂಬರಿಕಾರರಾಗಿಯೂ ಹಲವು ಹ್ಯೂಗೋ ಪಡೆದ ಮೇಲೆ, ತಮ್ಮ 90ನೆಯ ವಯಸ್ಸಿನಲ್ಲಿ, 2010ರಲ್ಲಿ 'ಉತ್ತಮ ಅಭಿಮಾನಿ ಲೇಖಕ' ಎಂಬ ಪ್ರಶಸ್ತಿಗೆ ಪಾತ್ರರಾದರು. 71 ವರ್ಷಗಳ ಹಿಂದೆ ಅಭಿಮಾನಿಗಳ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲ್ಪಟ್ಟವರಿಗೆ ಅಭಿಮಾನಿಯೆಂಬ ಬಿರುದೇ ದೊರೆತುದು ಇತರ ಬಹುಮಾನಗಳಿಗಿಂತ ಹೆಚ್ಚಿನದು ಎನ್ನಬೇಕು.

1940ರಲ್ಲಿ ಷಿಕಾಗೋ, 1941ರಲ್ಲಿ ಡೆನ್ವರ್. ಅನಂತರ ಯುದ್ಧದ ಕಾರಣ ನಾಲ್ಕು ವರ್ಷ ಸಮ್ಮೇಳನಗಳು ನಿಂತುವು. 1942ಕ್ಕೆ ಗೊತ್ತಾಗಿದ್ದ ಲಾಸ್ ಏಂಜಲೀಸ್ ಸಮ್ಮೇಳನ 1946ರಲ್ಲಿ ನಡೆಯಿತು. 1948ರಲ್ಲಿ ಟೊರಾಂಟೋದಲ್ಲಿ ಸೇರುವುದರೊಂದಿಗೆ ಸಮ್ಮೇಳನ ಮೊದಲ ಬಾರಿಗೆ ಅಮೆರಿಕದ ಗಡಿ ದಾಟಿತು; 1957ರಲ್ಲಿ ಲಂಡನ್, 1970ರಲ್ಲಿ ಜರ್ಮನಿಯ ಹೈಡಲ್‌ಬರ್ಗ್, 1975ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್.

ಪ್ರಶಸ್ತಿ ಹುಟ್ಟಿದುದು 1953ರಲ್ಲಿ, ಫಿಲಡೆಲ್ಫಿಯಾದ 11ನೆಯ ಸಮ್ಮೇಳನದಲ್ಲಿ. ಚಲನಚಿತ್ರರಂಗದ ಆಸ್ಕರಿನಂತೆ ತಮ್ಮಲ್ಲಿಯೂ ಒಂದು ಇರಲೆಂದು ಹ್ಯಾಲ್ ಲಿಂಚ್ ಎಂಬ ಸದಸ್ಯರು ಸೂಚಿಸಿದರು. ನೆಟ್ಟಗೆ ನಿಂತ ರಾಕೆಟ್ಟಿನ ಆಕಾರದ ಸ್ಮಾರಕವನ್ನು ಲೋಹದಲ್ಲಿ ಕಡೆದು ಕೊಡುವ ಕೆಲಸವನ್ನು ಜ್ಯಾಕ್ ಮೆಕ್‌ನೈಟ್ ವಹಿಸಿಕೊಂಡರು. ಕೆಲಸ ಎಣಿಸಿದಷ್ಟು ಸುಲಭವಾಗಲಿಲ್ಲ. ಸಮ್ಮೇಳನದ ದಿನಗಳನ್ನೆಲ್ಲ ಅವರು ತಮ್ಮ ಕಾರ್ಯಾಗಾರದಲ್ಲಿ ಲೇತ್ ಯಂತ್ರದ ಮುಂದೆ ಕಳೆದರು. ಪ್ರಶಸ್ತಿಗಳು ಸಕಾಲಕ್ಕೆ ಬಂದುವು, ಮಾಡಿದವರಿಗೆ ಸಮ್ಮೇಳನ ನೋಡಲಾಗಲಿಲ್ಲ. ಮೊದಲ ಕಾದಂಬರಿ ಪ್ರಶಸ್ತಿ ಆಲ್ಫ್ರೆಡ್ ಬೆಸ್ಟರ್ ಅವರ 'ದಿ ಡೆಮಾಲಿಷ್ಡ್ ಮ್ಯಾನ್' ಕೃತಿಗೆ ಸಂದಿತು. 1954ರ ಸಮಿತಿ ಪ್ರಶಸ್ತಿಯನ್ನು ಕೈಬಿಟ್ಟಿತು. 1955ರಲ್ಲಿ ಕ್ಲೀವ್‌ಲೆಂಡಿನವರು ಬೆನ್ ಜೇಸನ್ ಅವರ ವಿನ್ಯಾಸದೊಂದಿಗೆ ಪುನಃ ಆರಂಭಿಸಿದ ಮೇಲೆ ಒಂದು ವರ್ಷವೂ ತಪ್ಪಿಲ್ಲ. 1956ರಲ್ಲಿ ಓಲ್ಡ್ಸ್‌ಮೊಬೈಲ್ ಮೋಟಾರಿನ ಮುಂಭಾಗದಲ್ಲಿರುತ್ತಿದ್ದ ರಾಕೆಟ್ ಅಲಂಕಾರವನ್ನೇ ಪೀಠದ ಮೇಲೆ ನಿಲ್ಲಿಸಿ ಕೊಟ್ಟದ್ದೂ ಉಂಟು. ಇಂದಿಗೂ ರಾಕೆಟ್ಟಿನ ಆಕಾರ ಒಂದೇ. ಅದು ನಿಲ್ಲುವ ಪೀಠವನ್ನು ಆಯಾ ವರ್ಷದ ಊರಿನವರು ತಮ್ಮ ಅಭಿರುಚಿಯಂತೆ ಮಾಡಿಸುತ್ತಾರೆ.

ಗರ್ನ್ಸ್‌ಬ್ಯಾಕ್ ಅವರ ಗೌರವಾರ್ಥವಾಗಿ ಇದಕ್ಕೆ 'ಹ್ಯೂಗೋ' ಎಂಬ ಅಡ್ಡಹೆಸರು ಬಂದು, ಅಧಿಕೃತ ನಾಮಧೇಯವನ್ನು ಮರೆಸಿಬಿಟ್ಟಿತು. ಲೇಖಕರಿಗೆ ಸಂಭಾವನೆಯನ್ನು ಸಕಾಲಕ್ಕೆ ಕೊಡದವರೆಂಬ ಅಪಖ್ಯಾತಿಯೂ ಗರ್ನ್ಸ್‌ಬ್ಯಾಕ್ ಅವರಿಗಿತ್ತು. ಅಂಥವರ ಹೆಸರು ಲೇಖಕರ ಪರಮ ಗೌರವಕ್ಕೆ ಅಂಟಿಕೊಂಡುದನ್ನು ಕಂಡು ಹಳೆಯ ಬರಹಗಾರರು ಮುಸಿನಕ್ಕಿರಬೇಕು. 1960ರಲ್ಲಿ ಅವರಿಗೂ ವಿಶೇಷ ಹ್ಯೂಗೋ ಕೊಡಲಾಯಿತು.

ಇನ್ನು ಈ ಸಮ್ಮೇಳನಗಳ ಆಡಳಿತ ಕ್ರಮವನ್ನು ಪರಿಶೀಲಿಸಬೇಕು. ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೆ ಇದು ಸ್ವಾರಸ್ಯಕರವಾದೀತು. ಕನ್ನಡ ಸಾಹಿತ್ಯ ಸಮ್ಮೇಳನವು ಊರಿಂದೂರಿಗೆ ಹೋದರೂ ಅದರ ಬೆನ್ನಿಗೆ ಪರಿಷತ್ತೆಂಬ ಶಾಶ್ವತ ಸಂಸ್ಥೆಯೊಂದಿದೆ. ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಅಂಥ ಪರಿಷತ್ತಿಲ್ಲ. 'ವರ್ಲ್ಡ್ ಸೈನ್ಸ್ ಫಿಕ್ಷನ್ ಸೊಸೈಟಿ' ಎಂಬ ಸಂಘವಿರುವುದು ನಿಜ. ಆದರೆ ಅದಕ್ಕೆ ಕಟ್ಟಡವಿಲ್ಲ, ಸಂಬಳದ ನೌಕರರಿಲ್ಲ, ಅಧ್ಯಕ್ಷರೂ ಇಲ್ಲ. ಆ ವರ್ಷದ ಸಮ್ಮೇಳನಕ್ಕೆ ವಂತಿಗೆ ಕೊಟ್ಟವರೆಲ್ಲರೂ ಆ ವರ್ಷದ ಸದಸ್ಯರು. ಮುಂದಿನ ಸಮ್ಮೇಳನವನ್ನು ಯಾವ ಊರಿಗೆ ಒಪ್ಪಿಸಬೇಕೆಂಬುದನ್ನು ಎರಡು ವರ್ಷ ಮೊದಲೇ ಸದಸ್ಯರ ಮತದಿಂದ ನಿರ್ಧರಿಸುತ್ತಾರೆ. ಸಂವಿಧಾನದ ತಿದ್ದುಪಡಿಯನ್ನು ಒಂದು ಸಮ್ಮೇಳನದ ಸಭೆ ಅಂಗೀಕರಿಸಿದರೆ ಸಾಲದು. ಮರುವರ್ಷ ಬೇರೊಂದು ಊರಿನಲ್ಲಿ ಸೇರುವ ಸಭೆಯೂ ಅದನ್ನು ದೃಢೀಕರಿಸಬೇಕು. ಒಂದೂರಿನ ಜನ ಒಂದೇ ದಿನದ ಆವೇಶದಲ್ಲಿ ನಿಯಮವನ್ನು ಬದಲಿಸಿಬಿಡಬಾರದೆಂಬುದು ಇದರ ಉದ್ದೇಶ. ವಿಳಂಬವಾಗುವುದು ಇದರ ದೋಷ.

ಬರುವವರು ಟಿಕೆಟ್ ಕೊಳ್ಳುವ ಪ್ರೇಕ್ಷಕರಲ್ಲ, ಸದಸ್ಯರು. ಹೆಸರಾಂತ ಲೇಖಕನೂ ನಿನ್ನೆ ಮೊನ್ನೆ ಓದಲು ಆರಂಭಿಸಿದ ವಿದ್ಯಾರ್ಥಿಯೂ ಅಲ್ಲಿ ಒಂದೇ ಬಗೆಯ ಗುರುತುಚೀಟಿ ಧರಿಸುತ್ತಾರೆ. ನೋಂದಣಿಯ ಮೇಜಿನಲ್ಲಿ ಕೂರುವವರು, ಕುರ್ಚಿ ಜೋಡಿಸುವವರು, ಲೆಕ್ಕ ಬರೆಯುವವರು, ಸಮ್ಮೇಳನಾಧ್ಯಕ್ಷರು ಎಲ್ಲರೂ ವೇತನವಿಲ್ಲದೆ ದುಡಿಯುವವರು. ಸದಸ್ಯರು ಯಾವಾಗ ಬೇಕಾದರೂ ಬಂದು ತಿಂಡಿ ಪಾನೀಯಗಳನ್ನು ಉಚಿತವಾಗಿ ತೆಗೆದುಕೊಳ್ಳಬಹುದಾದ ಒಂದು ಕೋಣೆಯನ್ನು ತೆರೆದಿಡುವುದೂ ಅಲ್ಲಿನ ವಾಡಿಕೆ. ಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದವರು ಇದನ್ನು ಕಂಡರೆ ಕಾಯಕವೆಂದೂ ದಾಸೋಹವೆಂದೂ ತಾವಾಗಿಯೇ ಹೆಸರಿಟ್ಟಾರು. ಆ ಜನರಿಗೆ ಈ ಪದಗಳು ತಿಳಿಯವು, ನಡತೆ ಮಾತ್ರ ಹೋಲುತ್ತದೆ. ಸಾಗರದಾಚೆಯ ಬಡ ಅಭಿಮಾನಿಯೊಬ್ಬನನ್ನು ಕರೆಸಿಕೊಳ್ಳಲು ಚಂದಾ ಎತ್ತುವ ಪದ್ಧತಿಯೂ ಹಳೆಯದು. 1952ರಲ್ಲಿ ಬೆಲ್‌ಫಾಸ್ಟಿನ ವಾಲ್ಟ್ ವಿಲ್ಲಿಸ್ ಅವರನ್ನು ಹೀಗೆ ಷಿಕಾಗೋ ಸಮ್ಮೇಳನಕ್ಕೆ ಕರೆಸಲಾಯಿತು; ಮರುವರ್ಷ ಅದು ಶಾಶ್ವತ ನಿಧಿಯಾಯಿತು. ನಿಧಿಯ ಯಾತ್ರಿಕನನ್ನು ಆರಿಸುವುದೂ ಮತದಿಂದಲೇ.

ಮತ ಎಣಿಸುವ ಕ್ರಮ ಸ್ವಲ್ಪ ವಿವರಣೆಗೆ ಅರ್ಹವಾದುದು. ಮೊದಲ ಹಂತದಲ್ಲಿ ಪ್ರತಿ ಸದಸ್ಯನೂ ಪ್ರತಿ ವಿಭಾಗಕ್ಕೆ ಐದು ಕೃತಿಗಳವರೆಗೆ ಸೂಚಿಸಬಹುದು. ಹಾಗೆ ಮುಂದೆ ಬಂದ ಕೃತಿಗಳ ಅಂತಿಮ ಪಟ್ಟಿಯನ್ನು ಎರಡನೆಯ ಹಂತದಲ್ಲಿ ಮತಕ್ಕಿಡುತ್ತಾರೆ. ಅಲ್ಲಿ ಮತದಾರನು ಒಂದು ಕೃತಿಗೆ ಗುರುತು ಹಾಕಿ ಸುಮ್ಮನಾಗುವುದಿಲ್ಲ. ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಕ್ರಮಾಂಕ ಕೊಡುತ್ತಾನೆ. ಎಲ್ಲಕ್ಕಿಂತ ಕಡಿಮೆ ಪ್ರಥಮ ಮತಗಳನ್ನು ಪಡೆದ ಕೃತಿಯನ್ನು ತೆಗೆದುಹಾಕಿ, ಅದಕ್ಕೆ ಬಂದಿದ್ದ ಮತಗಳನ್ನು ಆಯಾ ಮತದಾರರ ಎರಡನೆಯ ಆಯ್ಕೆಗೆ ವರ್ಗಾಯಿಸುತ್ತಾರೆ. ಒಂದು ಕೃತಿಗೆ ಅರ್ಧಕ್ಕಿಂತ ಹೆಚ್ಚು ಮತ ಬರುವವರೆಗೂ ಹೀಗೆಯೇ ಮುಂದುವರಿಯುತ್ತದೆ. ಆದುದರಿಂದ ನೂರರಲ್ಲಿ 30 ಜನ ಹುಚ್ಚರಂತೆ ಮೆಚ್ಚಿ 70 ಜನ ತಿರಸ್ಕರಿಸಿದ ಕೃತಿ ಗೆಲ್ಲುವುದು ಕಷ್ಟ. ಬಹುಮಂದಿಗೆ ಒಪ್ಪಿಗೆಯಾದುದು ಗೆಲ್ಲುತ್ತದೆ. ಪಟ್ಟಿಯ ಕೊನೆಯಲ್ಲಿ 'ಪ್ರಶಸ್ತಿ ಬೇಡ' ಎಂಬ ಒಂದು ಸಾಲಿರುತ್ತದೆ. ಅದಕ್ಕೂ ಕ್ರಮಾಂಕ ಕೊಡಬಹುದು, ಅದೂ ಗೆಲ್ಲಬಹುದು. ಇದು ಅಲಂಕಾರಕ್ಕಿಟ್ಟ ಸಾಲಲ್ಲವೆಂಬುದು 2015ರಲ್ಲಿ ಜಗತ್ತಿಗೆ ತಿಳಿಯಿತು.

ಅದಕ್ಕೂ ಮುನ್ನಿನ ದಶಕಗಳು ಬೆಳವಣಿಗೆಯ ಕಾಲ. 1965ರಲ್ಲಿ ಡೇಮನ್ ನೈಟ್ ಅವರ ಮುಂದಾಳತ್ವದಲ್ಲಿ ಲೇಖಕರು ತಮ್ಮದೇ ಸಂಘ ಕಟ್ಟಿ 'ನೆಬ್ಯುಲಾ' ಪ್ರಶಸ್ತಿಯನ್ನು ಸ್ಥಾಪಿಸಿದರು. ಅಲ್ಲಿ ಮತ ಹಾಕುವವರು ಬರಹಗಾರರು. ಮೊದಲ ನೆಬ್ಯುಲಾ ಫ್ರ್ಯಾಂಕ್ ಹರ್ಬರ್ಟ್ ಅವರ 'ಡ್ಯೂನ್' ಕಾದಂಬರಿಗೆ ಸಂದರೆ, 1966ರ ಹ್ಯೂಗೋದಲ್ಲಿ ಅದೇ ಕೃತಿ ರೋಜರ್ ಜೆಲಾಜ್ನಿ ಅವರ ಕಾದಂಬರಿಯೊಡನೆ ಸಮಮತ ಪಡೆದು ಪ್ರಶಸ್ತಿಯನ್ನು ಹಂಚಿಕೊಂಡಿತು. ಅದೇ ವರ್ಷ ಕ್ಲೀವ್‌ಲೆಂಡ್ ಸಮ್ಮೇಳನದಲ್ಲಿ, ದೂರದರ್ಶನದಲ್ಲಿ ಪ್ರಸಾರವಾಗುವ ಮೊದಲೇ, 'ಸ್ಟಾರ್ ಟ್ರೆಕ್' ಚಿತ್ರಮಾಲೆಯ ಭಾಗಗಳನ್ನು ಅಭಿಮಾನಿಗಳಿಗೆ ತೋರಿಸಲಾಯಿತು. 1968ರಲ್ಲಿ ಆ್ಯನ್ ಮೆಕ್ಯಾಫ್ರಿ ಅವರಿಗೆ ನೀಳ್ಗತೆಗಾಗಿ ಹ್ಯೂಗೋ ಬಂದಿತು. ಕಥಾವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರೇ. 1970ರಲ್ಲಿ ಅರ್ಸುಲಾ ಲೆ ಗ್ವಿನ್ ಕಾದಂಬರಿ ಪ್ರಶಸ್ತಿ ಗಳಿಸಿದರು. ಆರಂಭದಿಂದ ಹುಡುಗರ ಕೂಟದಂತಿದ್ದ ಸಮ್ಮೇಳನಕ್ಕೆ ಇಷ್ಟಾಗಲು 15 ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿದುದು ಹೆಮ್ಮೆಯ ವಿಷಯವಲ್ಲ. 1984ರ ಲಾಸ್ ಏಂಜಲೀಸ್ ಸಮ್ಮೇಳನಕ್ಕೆ 8 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಲಕ್ಷಗಟ್ಟಲೆ ಜನರನ್ನು ಸೆಳೆಯುವ ಕಾಮಿಕ್ ಕಾನ್ ಮೊದಲಾದ ಮೇಳಗಳು ಬೇರೆ ಜಾತಿಯವು. 2012ರಿಂದ ಬೆಂಗಳೂರು ಕಂಡಿರುವುದು ಆ ಬಗೆಯದನ್ನು. ಅಲ್ಲಿ ಬರುವವರು ಟಿಕೆಟ್ಟಿನ ಪ್ರೇಕ್ಷಕರು.

ಇತರ ದೇಶಗಳೂ ಈ ಮಾದರಿಯನ್ನು ತಮ್ಮದಾಗಿಸಿಕೊಂಡುವು. ಜಪಾನಿನಲ್ಲಿ 1962ರಿಂದ ರಾಷ್ಟ್ರೀಯ ಸಮ್ಮೇಳನವೂ 1970ರಿಂದ 'ಸೇಯುನ್' ಪ್ರಶಸ್ತಿಯೂ ನಡೆದುಬಂದಿವೆ. 2007ರಲ್ಲಿ ಯೋಕೋಹಾಮಾದಲ್ಲಿ ವಿಶ್ವ ಸಮ್ಮೇಳನ ಮೊದಲ ಬಾರಿಗೆ ಏಷ್ಯಾ ಖಂಡಕ್ಕೆ ಬಂದಿತು. ಭಾರತದಲ್ಲಿ ಅದು 2025ರವರೆಗೆ ನಡೆದಿಲ್ಲ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರು ವಿಜ್ಞಾನಕಥೆಗಳನ್ನು ಬರೆದು ಓದುಗರನ್ನು ಸಂಪಾದಿಸಿದರೂ, ಆ ಓದುಗರು ಪ್ರತ್ಯೇಕವಾಗಿ ಸಂಘಟಿತರಾದದ್ದು ಕಡಿಮೆ. ಆದರೂ ಸಂಬಂಧ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನ ಲೇಖಕಿ ಲಾವಣ್ಯ ಲಕ್ಷ್ಮೀನಾರಾಯಣ್ ಅವರು ಭವಿಷ್ಯದ ಬೆಂಗಳೂರನ್ನೇ ಕಥಾಭೂಮಿಯಾಗಿರಿಸಿಕೊಂಡು ಇಂಗ್ಲಿಷಿನಲ್ಲಿ ಬರೆದ 'ದಿ ಟೆನ್ ಪರ್ಸೆಂಟ್ ಥೀಫ್' 2024ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿತು. ಲೀಡ್ಸ್ ಸಭೆಯಲ್ಲಿ ಕುಳಿತಿದ್ದ ಆ ತರುಣನ ಹೆಸರಿನ ಈ ಪ್ರಶಸ್ತಿ 1987ರಿಂದ ಬ್ರಿಟನ್ನಿನಲ್ಲಿ ನಡೆದುಬಂದಿದ್ದು, ತೀರ್ಪುಗಾರರ ಮಂಡಲಿ ನಿರ್ಣಯಿಸುವಂಥದು.

2015ರ ಪ್ರಸಂಗಕ್ಕೆ ಬರಬಹುದು. ಮತಪದ್ಧತಿಯ ಮೊದಲ ಹಂತದಲ್ಲಿ ಒಂದು ದೌರ್ಬಲ್ಯವಿದ್ದಿತು. ಸಾಮಾನ್ಯ ಓದುಗರು ತಮತಮಗೆ ಮೆಚ್ಚಿಕೆಯಾದ ನೂರಾರು ಬೇರೆ ಬೇರೆ ಕೃತಿಗಳನ್ನು ಸೂಚಿಸುವುದರಿಂದ ಅವರ ಬಲ ಚದುರಿಹೋಗುತ್ತದೆ. ಒಂದೇ ಪಟ್ಟಿಯನ್ನು ಹಿಡಿದು ಸೂಚಿಸುವ ಸಣ್ಣ ಗುಂಪು ಇಡೀ ವಿಭಾಗವನ್ನೇ ಆಕ್ರಮಿಸಬಹುದು. ಪ್ರಶಸ್ತಿಗಳು ಒಂದು ಬಗೆಯ ವಿಚಾರದವರ ಪಾಲಾಗುತ್ತಿವೆಯೆಂದು ಅಸಮಾಧಾನಗೊಂಡ ಕೆಲವರು 'ದುಃಖಿತ ನಾಯಿಮರಿಗಳು', 'ಹುಚ್ಚು ನಾಯಿಮರಿಗಳು' ಎಂದು ತಮಗೆ ತಾವೇ ವಿಚಿತ್ರ ಹೆಸರುಗಳನ್ನಿಟ್ಟುಕೊಂಡು ಹಾಗೆಯೇ ಮಾಡಿದರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಮುರಿದುದು, ಓದಿ ಮೆಚ್ಚಿದುದನ್ನು ಮಾತ್ರ ಸೂಚಿಸಬೇಕೆಂಬ, ಯಾರೂ ಬರೆದಿಡದ ಮರ್ಯಾದೆ. ಅಂತಿಮ ಹಂತದಲ್ಲಿ 5,950 ಮತಪತ್ರಗಳು ಬಂದು, ಐದು ವಿಭಾಗಗಳಲ್ಲಿ 'ಪ್ರಶಸ್ತಿ ಬೇಡ' ಎಂಬುದೇ ಗೆದ್ದಿತು. ಅದರ ಹಿಂದಿನ ಇಡೀ ಚರಿತ್ರೆಯಲ್ಲಿ ಹಾಗಾದದ್ದು ಐದೇ ಬಾರಿ. ತಮ್ಮ ತಪ್ಪಿಲ್ಲದೆ ಆ ಪಟ್ಟಿಗಳಲ್ಲಿ ಸೇರಿದ್ದ ಕೆಲವು ಲೇಖಕರೂ ಸಂಪಾದಕರೂ ಇದರಿಂದ ನೊಂದರು. ಕೆಲವರು ಪ್ರಕಟಣೆಯ ಸುತ್ತಮುತ್ತ ಹೆಸರು ಹಿಂತೆಗೆದುಕೊಂಡರು. ಕಾದಂಬರಿ ವಿಭಾಗದಲ್ಲಿ ಹಾಗೆ ಒಬ್ಬರು ಸರಿದು ತೆರವಾದ ಸ್ಥಾನಕ್ಕೆ ಬಂದ ಚೀನೀ ಲೇಖಕ ಲಿಯು ಸಿಕ್ಸಿನ್ ಅವರ 'ದಿ ತ್ರೀ ಬಾಡಿ ಪ್ರಾಬ್ಲಮ್', ಕೆನ್ ಲಿಯು ಅವರ ಇಂಗ್ಲಿಷ್ ಅನುವಾದದಲ್ಲಿ, ಪ್ರಶಸ್ತಿಯನ್ನೇ ಗೆದ್ದಿತು. ಅನುವಾದಿತ ಕಾದಂಬರಿಯೊಂದಕ್ಕೆ ಹ್ಯೂಗೋ ಸಂದದ್ದು ಅದೇ ಮೊದಲು.

ನಿಯಮವನ್ನು ತಿದ್ದಲು ಎರಡು ಸಮ್ಮೇಳನಗಳು ಬೇಕಾದುವು. 2017ರಿಂದ ಜಾರಿಗೆ ಬಂದ ಹೊಸ ಕ್ರಮದಲ್ಲಿ ಪ್ರತಿ ಸದಸ್ಯನಿಗೂ ಪ್ರತಿ ವಿಭಾಗದಲ್ಲಿ ಒಂದು ಅಂಕ ಮಾತ್ರ. ಐದು ಕೃತಿ ಸೂಚಿಸಿದರೆ ಒಂದೊಂದಕ್ಕೆ ಐದನೆಯ ಒಂದು ಪಾಲು. ಅತಿ ಕಡಿಮೆ ಅಂಕದ ಎರಡು ಕೃತಿಗಳನ್ನು ತೆಗೆದುಕೊಂಡು, ಅವುಗಳಲ್ಲಿ ಕಡಿಮೆ ಜನ ಸೂಚಿಸಿದುದನ್ನು ಕೈಬಿಡುತ್ತಾರೆ. ಅದನ್ನು ಸೂಚಿಸಿದ್ದವನ ಅಂಕ ಉಳಿದ ಕೃತಿಗಳಿಗೆ ಪುನಃ ಹಂಚಿಕೆಯಾಗುತ್ತದೆ. ಆರು ಕೃತಿಗಳು ಉಳಿಯುವವರೆಗೂ ಇದು ನಡೆಯುತ್ತದೆ. ಚದುರಿದ ಓದುಗನ ಅಂಕ ಕ್ರಮೇಣ ಒಂದೆರಡು ಕೃತಿಗಳಲ್ಲಿ ಗಟ್ಟಿಯಾಗುತ್ತ ಬಂದರೆ, ಪಟ್ಟಿ ಹಿಡಿದವನ ಅಂಕ ಐದು ಪಾಲಾಗಿಯೇ ಉಳಿಯುತ್ತದೆ. ಗಣಿತದ ಉಪಾಧ್ಯಾಯರು ಕರಿಹಲಗೆಯ ಮೇಲೆ ಹತ್ತು ಮತಗಳನ್ನು ಬರೆದು ಮಕ್ಕಳಿಂದ ಇದನ್ನು ಎಣಿಸಿ ನೋಡಬಹುದು. 2016, 2017, 2018, ಹೀಗೆ ಸತತ ಮೂರು ವರ್ಷ ಕಾದಂಬರಿ ಪ್ರಶಸ್ತಿ ಕರಿಯ ಜನಾಂಗದ ಲೇಖಕಿ ಎನ್. ಕೆ. ಜೆಮಿಸಿನ್ ಅವರಿಗೆ ಸಂದಿತು.

ಓದುಗರಿಂದ ಬಂದ ವಿಪತ್ತಿಗೆ ಹೀಗೆ ಮದ್ದು ಸಿಕ್ಕಿತು. ಆದರೆ ಮತ ಎಣಿಸುವವರೇ ತಪ್ಪಿದರೆ? 2023ರಲ್ಲಿ ಸಮ್ಮೇಳನ ಚೀನದ ಚೆಂಗ್ಡು ನಗರದಲ್ಲಿ, ಹೊಸದಾಗಿ ಕಟ್ಟಿದ ಭವ್ಯ ವಿಜ್ಞಾನಕಥಾ ವಸ್ತುಸಂಗ್ರಹಾಲಯದಲ್ಲಿ ನಡೆಯಿತು. ಚೀನದ ಓದುಗರು ಅಪಾರ ಸಂಭ್ರಮದಿಂದ ಭಾಗವಹಿಸಿದರು. ಪ್ರಶಸ್ತಿ ಪ್ರದಾನವಾದುದು ಅಕ್ಟೋಬರಿನಲ್ಲಿ. ಮತಗಳ ವಿವರ ಹೊರಬಂದುದು 2024ರ ಜನವರಿಯಲ್ಲಿ. ಸಾಕಷ್ಟು ಸೂಚನೆಗಳನ್ನು ಪಡೆದಿದ್ದ ಕೆಲವು ಕೃತಿಗಳನ್ನು 'ಅನರ್ಹ' ಎಂಬ ಒಂದೇ ಪದದಿಂದ ಪಟ್ಟಿಯಿಂದ ಹೊರಗಿಟ್ಟಿದ್ದುದು ಆಗ ತಿಳಿಯಿತು. ಅವುಗಳಲ್ಲಿ ಆರ್. ಎಫ್. ಕ್ವಾಂಗ್ ಅವರ 'ಬೇಬಲ್' ಒಂದು. ಲೇಖಕರ ನೆಬ್ಯುಲಾ ಪ್ರಶಸ್ತಿಯನ್ನು ಅದು ಅಷ್ಟರಲ್ಲಿಯೇ ಗೆದ್ದಿತ್ತು. ಕಾರಣ ಕೇಳಿದವರಿಗೆ ನಿಯಮಾನುಸಾರವೆಂಬ ಉತ್ತರ ಬಂದಿತು, ಯಾವ ನಿಯಮವೆಂದು ಬರಲಿಲ್ಲ. ಫೆಬ್ರವರಿಯಲ್ಲಿ ಆಡಳಿತಗಾರರ ಆಂತರಿಕ ಪತ್ರಗಳು ಬಹಿರಂಗವಾದುವು. ಚೀನ, ತೈವಾನ್, ಟಿಬೆಟ್ ಕುರಿತು ಲೇಖಕರು ಏನು ಬರೆದಿದ್ದಾರೆ, ಎಲ್ಲಿಗೆ ಹೋಗಿದ್ದಾರೆ ಎಂಬ ಟಿಪ್ಪಣಿಗಳನ್ನು ಪಾಶ್ಚಾತ್ಯ ದೇಶಗಳ ಸ್ವಯಂಸೇವಕರೇ ಮುಂಚಿತವಾಗಿ ಸಿದ್ಧಪಡಿಸಿದ್ದರು. ಯಾರೂ ಹೇಳದಿದ್ದರೂ ತಾವೇ ಊಹಿಸಿಕೊಂಡು ಬಾಗಿದರೆ, ಅಥವಾ ಯಾರಾದರೂ ಹೇಳಿದರೆ, ಎಂಬುದರ ಬಗ್ಗೆ ವಾದಗಳುಂಟು. ಪ್ರಶಸ್ತಿಯ ಹೆಸರನ್ನು ಕಾಯುವ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಚೀನದ ಸಾವಿರಾರು ಸಾಮಾನ್ಯ ಓದುಗರು, ತಮ್ಮ ಪಾತ್ರವೇನೂ ಇಲ್ಲದೆ, ಈ ಕಳಂಕದಲ್ಲಿ ಪಾಲುಗೊಳ್ಳಬೇಕಾಯಿತು. ಪಟ್ಟಿಯಿಂದ ಹೊರಬಿದ್ದವರಲ್ಲಿಯೂ ಚೀನೀ ಮೂಲದವರಿದ್ದರೆಂಬುದನ್ನು ಮರೆಯಲಾಗದು.

2024ರ ಆಗಸ್ಟಿನಲ್ಲಿ ಸಮ್ಮೇಳನ ಗ್ಲಾಸ್ಗೋ ನಗರಕ್ಕೆ ಬಂದಾಗ ಅಲ್ಲಿನ ಸಮಿತಿಯ ಮೇಲೆ ಎಲ್ಲರ ಕಣ್ಣಿದ್ದಿತು. ಅನರ್ಹವೆಂದ ಪ್ರತಿ ಕೃತಿಗೂ ಕಾರಣ ಕೊಡುವುದಾಗಿ ಸಮಿತಿ ಮೊದಲೇ ಪ್ರಕಟಿಸಿತು. ಜುಲೈ ತಿಂಗಳಿನಲ್ಲಿ ಮತಗಳನ್ನು ಪರಿಶೀಲಿಸುತ್ತಿದ್ದವರಿಗೆ ಒಂದು ವಿಚಿತ್ರ ಕಂಡಿತು: ಒಂದು ಸಾಲಿನ ಮತದಾರರ ಕುಲನಾಮಗಳೆಲ್ಲ ಒಂದೇ, ಮೊದಲ ಅಕ್ಷರ ಮಾತ್ರ ವರ್ಣಮಾಲೆಯ ಕ್ರಮದಲ್ಲಿ ಬದಲಾಗುತ್ತ ಹೋಗಿತ್ತು; ಮತ್ತೊಂದು ಸಾಲಿನವರ ಹೆಸರುಗಳು ಅನುಕ್ರಮ ಸಂಖ್ಯೆಗಳ ಭಾಷಾಂತರಗಳು. ಯಾರೋ ಹಣ ತೆತ್ತು ಒಬ್ಬ ಸ್ಪರ್ಧಿಯ ಪರವಾಗಿ ಕೊಂಡ ಸದಸ್ಯತ್ವಗಳಿವು ಎಂಬುದು ಸ್ಪಷ್ಟವಾಗಲು, ಸಮಿತಿ 377 ಮತಗಳನ್ನು ರದ್ದುಮಾಡಿ, ಆ ಸಂಗತಿಯನ್ನು ಪ್ರಶಸ್ತಿ ಪ್ರದಾನಕ್ಕೆ ಮೊದಲೇ ಸದಸ್ಯರಿಗೆಲ್ಲ ತಿಳಿಸಿತು. ಆ ಸ್ಪರ್ಧಿಗೆ ಇದರ ಅರಿವಿತ್ತೆಂಬುದಕ್ಕೆ ಯಾವ ಸಾಕ್ಷ್ಯವೂ ಇರಲಿಲ್ಲವಾದುದರಿಂದ ಹೆಸರನ್ನು ಹೇಳಲಿಲ್ಲ, ಪಟ್ಟಿಯಿಂದ ತೆಗೆಯಲೂ ಇಲ್ಲ. ಆ ವರ್ಷದ ಕಾದಂಬರಿ ಪ್ರಶಸ್ತಿ ಎಮಿಲಿ ಟೆಷ್ ಅವರ 'ಸಮ್ ಡೆಸ್ಪರೇಟ್ ಗ್ಲೋರಿ' ಕೃತಿಗೆ ಸಂದಿತು. ಸಮಾರಂಭ ಮುಗಿದ ಕೂಡಲೇ, ಯಾವ ಕೃತಿಗೆ ಯಾವ ಸುತ್ತಿನಲ್ಲಿ ಎಷ್ಟು ಮತ ಬಂದಿತೆಂಬ ಪೂರ್ಣ ಲೆಕ್ಕವನ್ನು ಸಮಿತಿಯವರು ಸದಸ್ಯರ ಮುಂದಿಟ್ಟರು.